ಹಗ್ಗ ಸುತ್ತಿದ ಗೋಪುರ

ಜೋರಾಪುರ ಪೇಟೆ, ವಿಜಯಪುರ
18 ಜೂನ್ 2024

ಚಿರಂಜೀವಿ ಸುಧಾರಾಣಿಗೆ,

ನಿನ್ನ ಕಾಗದ ಬಂತು. ನಾಲ್ಕು ಸಾಲು ಬರೆದು ಉಳಿದ ಹಾಳೆಯನ್ನು ಖಾಲಿ ಕಳಿಸಿದ್ದೀ. ಅಂಚೆಯವರು ಖಾಲಿ ಜಾಗಕ್ಕೂ ತೂಕ ಹಾಕುತ್ತಾರೆ, ನೆನಪಿರಲಿ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನಿನ್ನ ಆಫೀಸಿನವರು ನಗುತ್ತಾರಂತೆ. ನಗಲಿ. ನಲವತ್ತು ವರ್ಷ ತಗಡು ಬಡಿದ ಕಿವಿ ಇದು. ಫೋನು ಹಚ್ಚಿಕೊಂಡರೆ ಡಬ್ಬಿಯಲ್ಲಿ ಜೀರುಂಡೆ ಬಿಟ್ಟಂತಾಗುತ್ತದೆ. ಮೆಸೇಜು ಓದಬಲ್ಲೆ, ಆದರೆ ಅದರಲ್ಲಿ ಕೈ ಎಲ್ಲಿ ತಡೆಯಿತು ಎಂಬುದು ಕಾಣಿಸುವುದಿಲ್ಲ. ಕಬ್ಬಿಣದ ಬಾಗಿಲು ಮಾಡುವ ಅಂಗಡಿಯಲ್ಲಿ ಕೂತವನು ನಾನು. ಗಿರಾಕಿಯ ಮಾತಿಗಿಂತ ಅವನ ತಡವರಿಕೆ ನೋಡಿಯೇ ಬದುಕಿದ್ದೇನೆ.

ಈ ಸಲ ಆಷಾಢದ ಗಾಳಿ ಜ್ಯೇಷ್ಠದಲ್ಲೇ ಮುಂಗಡ ಬಂದಿದೆ. ಭಾನುವಾರ ತಿಕೋಟಾದಲ್ಲಿ ಚಹಾ ಕುಡಿದು ನಿಮ್ಮೂರು ಘೋಣಸಗಿಗೆ ಹೋದೆ. ನಿಮ್ಮವ್ವ ನಂದಾ ಒಣದ್ರಾಕ್ಷಿ ಶೆಡ್ಡಿಗೆ ಈಗಲೇ ಹೊಸ ನೆರಳುಪರದೆ ಹೊಲಿಸುತ್ತಿದ್ದಳು. ತಂಗಿ ಅಂತ ಮಾತಾಡಿಸಲು ಹೋದರೆ ದಾರ ಹಿಡಿದುಕೋ ಅಂದಳು.

ನಾನು ಮೊದಲು ಹೋದದ್ದು ಗೋಪುರದ ಹತ್ತಿರ. ನಿಮ್ಮಪ್ಪ ಸಿದ್ದರಾಮ ಮತ್ತು ನಾನು ಕೂಡಿ ನಿಲ್ಲಿಸಿದ, ಗಾಳಿಯಿಂದ ನೀರೆತ್ತುತ್ತಿದ್ದ ಪಂಪಿನ ಗೋಪುರ. ಆಗ ನಾನಿನ್ನೂ ಬೇರೆಯವರ ಅಂಗಡಿಯಲ್ಲಿ ಕಬ್ಬಿಣ ಹೊರುತ್ತಿದ್ದೆ. ನಿಮ್ಮಪ್ಪ ಹಿತ್ತಲ ಗೋಡೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆದು, "ಮಾವಾ, ಇದನ್ನ ನಿಂದರಸೋಣೇನು?" ಅಂದ. ನೆಲದ ಮೇಲೆ ಮಲಗಿಸಿ ಜೋಡಿಸಿದೆವು. ಎತ್ತು ಕಟ್ಟಿ ಎಬ್ಬಿಸಿದೆವು. ಕಳ್ಳಕವಟಗಿಯ ಕುರಿಗಾರ ಅಮಸಿದ್ದ ಪಕ್ಕದ ಹಗ್ಗ ಹಿಡಿದಿದ್ದ. ಗೋಪುರ ಅರ್ಧ ಎದ್ದಾಗ ಅವನ ತಲೆಯ ಪಟಗ ಹಾರಿತು, ಹಗ್ಗ ಬಿಡಲಿಲ್ಲ. ಈಗ ಮೇಲಿನ ಚಕ್ರವೂ ಇಲ್ಲ, ಕೆಳಗಿನ ಪಂಪೂ ಇಲ್ಲ. ಗೋಪುರ ಮಾತ್ರ ಇದೆ.

ಪಡುವಣ ಕಾಲಿಗೆ ಅಂಗೈ ಇಟ್ಟೆ. ಹಾಡುತ್ತಿತ್ತು, ಸುಧವ್ವಾ! ನೀನು ತೊಟ್ಟಿಲಲ್ಲಿ ಅತ್ತಾಗ ನಿನ್ನನ್ನು ಸುಮ್ಮನಾಗಿಸುತ್ತಿದ್ದ ಅದೇ ಗುಂಯ್ ಎಂಬ ನಾದ. ಕಿವಿ ಕೈಬಿಟ್ಟರೂ ಅಂಗೈಗೆ ಚೆನ್ನಾಗಿ ಕೇಳುತ್ತದೆ. ವರ್ಷದಿಂದ ವರ್ಷಕ್ಕೆ ಜೋರಾಗುತ್ತಿದೆ ಕೂಡ. ಮನುಷ್ಯರ ದನಿ ಕುಗ್ಗುವ ವಯಸ್ಸಿನಲ್ಲಿ ನಮ್ಮ ಕಬ್ಬಿಣದ ದನಿ ಏರುತ್ತಿದೆ ಎಂದು ಎದೆ ಉಬ್ಬಿತು.

ಒಂದು ವಿಚಿತ್ರ. ಮೇಲಿನ ಅಡ್ಡಪೈಪುಗಳಿಗೆಲ್ಲ ನಿಮ್ಮವ್ವ ಪುಂಡಿನಾರಿನ ಹಗ್ಗ ಸುತ್ತಿಸಿದ್ದಾಳೆ. ಹೀರೇಬಳ್ಳಿ ಹಬ್ಬಿಸಲಂತೆ. ಅಷ್ಟೆತ್ತರಕ್ಕೆ ಹತ್ತಿದ ಹೀರೇಬಳ್ಳಿಯನ್ನು ನಾನಂತೂ ಕಂಡಿಲ್ಲ. ಹಗ್ಗ ಮಾತ್ರ ವರ್ಷಕ್ಕೊಮ್ಮೆ ಹೊಸದಾಗುತ್ತದೆ.

ಈಗ ನಿನ್ನ ಗೋಪುರದ ಬಗ್ಗೆ ಬರೆ. ಸಮುದ್ರದ ನಡುವೆ ಬೆಂಕಿಗೊಂದು ಕಬ್ಬಿಣದ ಗೋಪುರ ಅಂದೆ. ದೀಪಸ್ತಂಭವೇ? ಬೆಂಕಿಗೆ ಅಷ್ಟು ಎತ್ತರ ಯಾತಕ್ಕೆ? ನಮ್ಮ ಒಲೆಗಳೆಲ್ಲ ನೆಲದ ಮೇಲೇ ಉರಿಯುತ್ತವೆ.

ನಿನ್ನ ಮಾಮಾ,
ಬಸಗೊಂಡಪ್ಪ

&nbsp;

ಮುಂಬೈ
7 ಜುಲೈ 2024

ಮಾಮಾ,

ಕೈಮುಗಿದು ಸುಧಾ ಬರೆಯುವುದು. ಈ ಸಲ ಹಾಳೆ ತುಂಬಿಸುತ್ತೇನೆ.

ಅದು ದೀಪಸ್ತಂಭವಲ್ಲ. ಸಮುದ್ರದಲ್ಲಿ ಕಾಲೂರಿ ನಿಂತ ಒಂದು ದೊಡ್ಡ ಅಟ್ಟ ಇರುತ್ತದೆ. ಅಲ್ಲಿ ತಳದಿಂದ ಎಣ್ಣೆ, ಅನಿಲ ಎರಡೂ ಬರುತ್ತವೆ. ಯಾವುದಾದರೂ ಯಂತ್ರ ಥಟ್ಟನೆ ನಿಂತರೆ ಕೊಳವೆಗಳಲ್ಲಿರುವ ಅನಿಲವನ್ನು ಆ ಕ್ಷಣವೇ ಹೊರಗೆ ಬಿಡಬೇಕು. ಹಾಗೇ ಬಿಟ್ಟರೆ ಅಟ್ಟದ ಸುತ್ತ ಸುಳಿದು ಒಂದು ಕಿಡಿಗೆ ಎಲ್ಲವೂ ಹೋಗುತ್ತದೆ. ಆದ್ದರಿಂದ ಅದನ್ನು ದೂರ, ಎತ್ತರಕ್ಕೆ ಒಯ್ದು ಸುಡುತ್ತೇವೆ. ಆ ಕೊಳವೆಯನ್ನು ಎತ್ತಿ ಹಿಡಿಯುವುದೇ ನನ್ನ ಗೋಪುರದ ಕೆಲಸ. ಫ್ಲೇರ್ ಟವರ್ ಅನ್ನುತ್ತಾರೆ.

ಎತ್ತರ ಎಷ್ಟಿರಬೇಕು ಎಂದು ನಮಗೆ ಹೇಳುವವನು ಕೆಳಗೆ ಕೆಲಸ ಮಾಡುವ ಮನುಷ್ಯ. ಅತ್ಯಂತ ಕೆಟ್ಟ ದಿನ, ಇದ್ದ ಅನಿಲವೆಲ್ಲ ಒಮ್ಮೆಲೇ ಉರಿಯುತ್ತಿದೆ, ಗಾಳಿ ಜ್ವಾಲೆಯನ್ನು ಅವನ ಕಡೆಗೇ ಬಾಗಿಸಿದೆ ಎಂದುಕೊಳ್ಳಿ. ಅವನ ಚರ್ಮ ಸುಡುವ ಮೊದಲು ಅವನು ಮರೆಗೆ ನಡೆದು ಹೋಗಬೇಕು. ಅಲ್ಲಿಂದ ಲೆಕ್ಕ ಶುರು.

ಜನ ಬಿರುಗಾಳಿಗೆ ಹೆದರುತ್ತಾರೆ. ನನಗೆ ಹೆದರಿಕೆ ಹದವಾಗಿ, ಒಂದೇ ಸಮ ಬೀಸುವ ಗಾಳಿಯದು. ಅದು ತೆಳ್ಳನೆಯ ಪೈಪನ್ನು ದಾಟುವಾಗ ಆಚೆ ಬದಿಯಲ್ಲಿ ಸುಳಿಗಳಾಗಿ ಒಡೆಯುತ್ತದೆ. ಆ ಸುಳಿಗಳ ಲಯ ಪೈಪಿನ ಸ್ವಂತ ಲಯಕ್ಕೆ ಕೂಡಿತೆಂದರೆ ಪೈಪು ಹಾಡತೊಡಗುತ್ತದೆ. ನಮ್ಮ ಗೋಪುರ ಹಾಡುತ್ತಿದ್ದದ್ದು ಹೀಗೆಯೇ. ಕೇಳಲು ಇಂಪು. ಆದರೆ ಹಗಲಿರುಳು ಹಾಡಿದರೆ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಹಾಡದ ಅಳತೆಯ ಪೈಪು ಆರಿಸುವುದೇ ನನ್ನ ಹೊಟ್ಟೆಪಾಡು. ಗೋಪುರ ಇನ್ನೂ ದಡದ ಮೇಲೆ, ಕಟ್ಟುವ ಯಾರ್ಡಿನಲ್ಲಿರುವಾಗ ಪೈಪುಗಳಿಗೆ ಹಗ್ಗವನ್ನು ಸಂದು ಬಿಟ್ಟು ಸುರುಳಿಯಾಗಿ ಸುತ್ತಿಸುತ್ತೇವೆ. ಸುಳಿಗಳು ಚೆದುರುತ್ತವೆ, ಹಾಡು ನಿಲ್ಲುತ್ತದೆ.

ಇದನ್ನು ಬರೆಯುವಾಗ ನನ್ನ ಕೈ ತಡೆಯಿತು, ಮಾಮಾ. ನಿಮಗೆ ಕಂಡೇ ಕಾಣುತ್ತದೆ. ಅವ್ವ ಹಗ್ಗ ಸುತ್ತಿಸಿದ್ದಾಳೆ ಎಂದರೆ ಮೇಲಿನ ಪೈಪುಗಳು ಹಾಡಬಾರದು. ಹಾಗಿದ್ದರೆ ನಿಮ್ಮ ಅಂಗೈಗೆ ಸಿಗುತ್ತಿರುವುದು ಏನು? ಅದೂ ವರ್ಷದಿಂದ ವರ್ಷಕ್ಕೆ ಜೋರಾಗಿ?

ನಡುಕ ಎಲ್ಲೆಲ್ಲಿದೆ ಎಂದು ನೋಡಿ ಬರೆಯಿರಿ. ಬುಡದ ಹತ್ತಿರ ವಿಶೇಷವಾಗಿ.

ನಿಮ್ಮ
ಸುಧಾ

&nbsp;

ಜೋರಾಪುರ ಪೇಟೆ
2 ಆಗಸ್ಟ್ 2024

ಸುಧವ್ವಾ,

ನಿನ್ನ ಕಾಗದವನ್ನು ನನ್ನ ವೆಲ್ಡರ್ ಬಾಬುಸಾಬನಿಗೂ ಓದಿಸಿದೆ. ಸಮುದ್ರದ ಹಗ್ಗದ ಮಾತು ಬಂದಾಗ ಅವನು, "ನಮ್ಮ ನಂದಕ್ಕಾರು ಕಂಪನಿಯವರಿಗಿಂತ ಮೊದಲ ಮಾಡ್ಯಾರಲ್ರಿ ಮಾಲಕ್ರ!" ಎಂದು ಕೂಗಿದ. ನಿನ್ನ ಸಾಹೇಬರಿಗೆ ತಿಳಿಸು.

ಬುಡ ನೋಡು ಅಂದೆ. ಬುಡ ಎಲ್ಲಿ ಕಾಣುತ್ತದೆ? ನಿಮ್ಮಪ್ಪ ತೀರಿಹೋದ ವರ್ಷ ನಾನೇ ನಿಂತು ನಾಲ್ಕೂ ಕಾಲು ಒಳಗೊಂಡಂತೆ ಕಲ್ಲಿನ ಕಟ್ಟೆ ಕಟ್ಟಿಸಿದೆನಲ್ಲ, ಅವನ ನೆನಪಿಗೆ ಜನ ಕೂರಲಿ ಎಂದು. ನಮ್ಮ ಕಡೆ ನಾಲ್ಕು ದಿನ ನಿಂತದ್ದಕ್ಕೆಲ್ಲ ಕಟ್ಟೆ ಕಟ್ಟುತ್ತೇವೆ. ಬೇವಿಗೆ ಕಟ್ಟೆ, ಬನ್ನಿಗೆ ಕಟ್ಟೆ. ಸಿದ್ದರಾಮನ ಗೋಪುರಕ್ಕೆ ಬೇಡವೇ? ಹಂಗಾಮಿನಲ್ಲಿ ನಿಮ್ಮವ್ವ ಮತ್ತು ಅವಳ ಹೆಣ್ಣಾಳುಗಳು ಅಲ್ಲೇ ಕೂತು ಒಣದ್ರಾಕ್ಷಿ ಆರಿಸುತ್ತಾರೆ. ಒಣಹಾಕುವ ಮೊದಲು ದ್ರಾಕ್ಷಿ ಅದ್ದಿದ ನೀರು ಚೆಲ್ಲಲೂ ಅದೇ ಜಾಗ ಅನುಕೂಲ.

ನಡುಕ ಕಟ್ಟೆಯ ಕಲ್ಲಿನಲ್ಲೂ ಇದೆ. ಅಮಸಿದ್ದ ಚಹಾದ ಬಟ್ಟಲು ಇಟ್ಟು ತೋರಿಸಿದ. ಚಹಾದ ಮೇಲೆ ಬಳೆಯಂಥ ಸಣ್ಣ ಸಣ್ಣ ಅಲೆ ಎದ್ದವು. "ನೋಡ್ರಿ ಸಾವ್ಕಾರ್ರ, ಸಿದ್ದರಾಮಣ್ಣ ಚಹಾ ಊದಿ ಕುಡ್ಯಾಕತ್ತಾನ" ಅಂದ. ನಾವಿಬ್ಬರೂ ನಕ್ಕೆವು.

ಎಲ್ಲ ಸುಖವಾಗಿದೆ. ನಿನಗೆ ಲೆಕ್ಕ ಹೆಚ್ಚಾಗಿದೆ, ನಿದ್ದೆ ಮಾಡು.

ಬಸಗೊಂಡಪ್ಪ

&nbsp;

ಮುಂಬೈ
9 ಆಗಸ್ಟ್ 2024

ಮಾಮಾ,

ಕಟ್ಟೆಯ ಮೇಲೆ ಯಾರೂ ಕೂರಬಾರದು. ಇವತ್ತಿನಿಂದಲೇ. ಅವ್ವನಿಗೆ ಫೋನಿನಲ್ಲಿ ಹೇಳಿದ್ದೇನೆ.

ಮೇಲಿನ ಪೈಪು ಹಾಡುವುದು ಬೇರೆ. ಕಾಲು, ಬುಡ, ಕಲ್ಲು ನಡುಗುವುದು ಬೇರೆ. ಬುಡ ಹಿಡಿತ ಬಿಟ್ಟ ಗೋಪುರ ಹಾಗೆ ನಡುಗುತ್ತದೆ. ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ: ಕಣ್ಣಿಗೆ ಕಾಣದ ಬೆಸುಗೆ ಇರಬಾರದು. ಪ್ರತಿ ಕೀಲನ್ನೂ ಒಬ್ಬ ಮನುಷ್ಯ ಹೋಗಿ ಮುಟ್ಟಿ ನೋಡುವಂತಿರಬೇಕು. ನಿಮ್ಮ ಕಟ್ಟೆ ನಾಲ್ಕು ಕಾಲನ್ನೂ ಹಸಿಯಲ್ಲಿ ಹುಗಿದು, ನೋಡದಂತೆ ಮುಚ್ಚಿದೆ.

ಕಟ್ಟೆಯ ಒಂದು ಮೂಲೆ ತೆಗೆದು ನೋಡಿ. ನನ್ನ ಅಂಜಿಕೆ ನಿಜವಾದರೆ, ಫೆಬ್ರುವರಿಯಲ್ಲಿ ಹೆಂಗಸರು ಕೆಲಸಕ್ಕೆ ಬರುವ ಮೊದಲು ಗೋಪುರ ಇಳಿಯಬೇಕು.

ವರ್ಷಕ್ಕೊಮ್ಮೆ ಹಗ್ಗ ಹೊಸದಾಗುತ್ತದೆ ಅಂದಿರಿ. ಅದಕ್ಕೆ ಮೇಲೆ ಹತ್ತುವವರು ಯಾರು?

ಸುಧಾ

&nbsp;

ಮುಂಬೈ
6 ಅಕ್ಟೋಬರ್ 2024

ಮಾಮಾ,

ನಿಮ್ಮಿಂದ ಉತ್ತರವಿಲ್ಲ. ಅವ್ವ ಹೇಳಿದಳು, ನೀವು ಬಾಬುಸಾಬನನ್ನು ಕರೆತಂದು ಗೋಪುರಕ್ಕೆ ಕೆಂಪು ಬಣ್ಣ ಬಳಿಸಿದಿರಂತೆ. ದಸರೆಗೆ ಮದುಮಗನಂತೆ ಕಾಣುತ್ತದಂತೆ.

ನಿಮ್ಮ ಸಿಟ್ಟು ನನಗೆ ಗೊತ್ತು. ಅಪ್ಪನ ಕೈಕೆಲಸವನ್ನು ಅಪ್ಪನ ಮಗಳೇ ಬೀಳಿಸು ಅನ್ನುತ್ತಿದ್ದಾಳೆ. ನಾನು ಈ ಕೆಲಸಕ್ಕೆ ಬಂದದ್ದೇ ಆ ಗೋಪುರದಿಂದ. ಶಾಲೆಯಲ್ಲಿ ಎಲ್ಲರೂ ಮನೆ, ಮರ, ಸೂರ್ಯ ಬರೆದರೆ ನಾನು ಅಡ್ಡಪೈಪು ಬರೆಯುತ್ತಿದ್ದೆ. ಇಲ್ಲಿ ಮೊದಲ ದಿನ ನನ್ನ ಹಿರಿಯ ಎಂಜಿನಿಯರರು ಫ್ಲೇರ್ ಟವರಿನ ನಕ್ಷೆ ಬಿಚ್ಚಿದಾಗ ಕೊಠಡಿಯಲ್ಲಿ ಅಪ್ಪನ ಬೀಡಿಯ ವಾಸನೆ ಬಂದಂತಾಯಿತು.

ನನ್ನ ಗೋಪುರದ ನಕ್ಷೆಗೆ ನಾನು ಸಹಿ ಹಾಕುವಾಗ ಕೆಳಗೆ ನಡೆಯುವವನ ಮುಖ ನನಗೆ ಕಾಣುವುದಿಲ್ಲ. ಅವನು ಯಾರೋ. ನಿಮ್ಮ ಗೋಪುರದ ಕೆಳಗೆ ಕೂರುವವಳ ಮುಖ ನನಗೆ ಗೊತ್ತಿದೆ. ಬೇರೆ ರೀತಿ ಬರೆಯಲು ನನಗೆ ಬರುತ್ತಿಲ್ಲ, ಮಾಮಾ.

ಮೂಲೆಯ ಎರಡು ಕಲ್ಲು. ಅಷ್ಟೇ ಕೇಳುತ್ತೇನೆ.

ಸುಧಾ

&nbsp;

ಜೋರಾಪುರ ಪೇಟೆ
12 ನವೆಂಬರ್ 2024

ಸುಧವ್ವಾ,

ಬಾಕಿ ಕಾಗದಗಳಿಗೆಲ್ಲ ಇದೊಂದೇ ಉತ್ತರ.

ಸಿಟ್ಟು ಬಂದಿತ್ತು, ಹೌದು. ಎರಡು ತಿಂಗಳು ಬಬಲೇಶ್ವರದ ಗಿರಾಕಿಗಳ ಮೇಲೆ ಅದನ್ನು ಖರ್ಚು ಮಾಡಿದೆ. ಅವರಲ್ಲೊಬ್ಬ, "ಸಾವ್ಕಾರ್ರ, ನಾ ಬಾಗಲಾ ಕೊಳ್ಳಾಕ ಬಂದೇನ್ರಿ, ಬೈಸ್ಕೊಳ್ಳಾಕಲ್ಲ" ಅಂದು ಎದ್ದುಹೋದ. ಆಗ ಅನಿಸಿತು, ಈ ಸಿಟ್ಟಿನಿಂದ ಅಂಗಡಿ ನಡೆಯುವುದಿಲ್ಲ. ದೀಪಾವಳಿ ಮುಗಿಸಿ ಬಾಬುಸಾಬನನ್ನು ಕರೆದುಕೊಂಡು ಘೋಣಸಗಿಗೆ ಹೋದೆ. ಹುಡುಗಿಯ ಲೆಕ್ಕ ತಪ್ಪು ಎಂದು ತೋರಿಸಿಯೇ ಬರುವುದು ಎಂದು ಹೊರಟವನು.

ಬಾಬುಸಾಬ ಹಾರೆಯಿಂದ ಮೂಲೆಯ ಕಲ್ಲು ಎಬ್ಬಿಸಿದ. ಒಳಗಿನ ಮಣ್ಣು ಇನ್ನೂ ಹಸಿ, ಮಸಿಯಂತೆ ಕಪ್ಪು. ಹಾರೆಯ ತುದಿಯನ್ನು ಪೈಪಿಗೆ ಮುಟ್ಟಿಸಿದ. ಬಡಿಯಲಿಲ್ಲ, ಮುಟ್ಟಿಸಿದ ಅಷ್ಟೇ. ಹಪ್ಪಳದೊಳಗೆ ಬೆರಳು ಹೋದಂತೆ ಒಳಗೆ ಹೋಯಿತು. ಅವನು ನನ್ನ ಕಡೆ ತಿರುಗಿ, "ಮಾಲಕ್ರ, ಇದು ಬಣ್ಣದ ಮ್ಯಾಲ ನಿಂತೈತ್ರಿ" ಎಂದು ಕೂಗಿದ.

ಇನ್ನೆರಡು ಮೂಲೆ ತೆಗೆಸಿದೆ. ನಾಲ್ಕರಲ್ಲಿ ಮೂರು ಕಾಲು ಹಾಗೇ. ನಾಲ್ಕನೆಯದನ್ನು ನೋಡಲು ನನಗೆ ಮನಸ್ಸಾಗಲಿಲ್ಲ.

ನಿಮ್ಮವ್ವ ಬಂದಳು. ನಾನು ಕೇಳಿದೆ, "ಹಗ್ಗ ಯಾಕ ಸುತ್ತಿಸಿದಿ? ಹೀರೇಬಳ್ಳಿ ಕಥಿ ಹೇಳಬ್ಯಾಡ." ಅವಳು ಮೆಲ್ಲಗೆ ಏನೋ ಅಂದಳು. ನನಗೆ ಕೇಳಲಿಲ್ಲ. ಇನ್ನೊಮ್ಮೆ ಅನ್ನು ಅಂದೆ. ಆ ಮಾತನ್ನು ಕೂಗಿ ಹೇಳಲು ಅವಳಿಂದ ಆಗಲಿಲ್ಲ. ಬಾಬುಸಾಬನ ಕಡೆ ನೋಡಿದಳು. ಅವನು ಒಂದು ಸಲ ಮುಖ ಒರೆಸಿಕೊಂಡು, ನನ್ನ ಕಿವಿಗೆ ಬಾಯಿ ಹಚ್ಚಿ, ಅವಳು ಅಂದಂತೆ ಒಂದೊಂದೇ ಮಾತು ಕೂಗತೊಡಗಿದ. ನಿಮ್ಮವ್ವನ ಒಳಗಿನ ಮಾತು ಹೀಗೆ ಮೂರು ಹೊಲಕ್ಕೆ ಕೇಳಿತು:

"ಅವರು ತೀರಿಹೋದ ವರ್ಷ ಗಾಳಿ ಬಿಟ್ಟಾಗೆಲ್ಲ ಅದು ಹಾಡತಿತ್ತು. ಅವರು ಅಂಗಳದಾಗ ಕುಂತು ಗುನಗಾಕತ್ತಾರ ಅನಸ್ತಿತ್ತು. ನನಗ ತಡಕೊಳ್ಳಾಕ ಆಗಲಿಲ್ಲ. ಅಮಸಿದ್ದಗ ಹೇಳಿ ಹಗ್ಗ ಸುತ್ತಿಸಿದ್ನಿ. ಹಗ್ಗ ಸಾಲಲಿಲ್ಲ, ಸಂದು ಬಿಟ್ಟು ಬಿಟ್ಟು ಸುತ್ತಿದ. ಅವತ್ತ ಅದರ ಬಾಯಿ ಮುಚ್ಚಿತು. ಈಗ ಎಂಟು ವರ್ಷಾತು."

ಎಂಟು ವರ್ಷ, ಸುಧವ್ವಾ. ನಾನು ಪ್ರತಿ ಆಷಾಢಕ್ಕೂ ಹೋಗಿ ಕೈ ಇಟ್ಟು ಕೇಳುತ್ತಿದ್ದ ಹಾಡು ಅಲ್ಲಿ ಇರಲೇ ಇಲ್ಲ. ಸಾಯುತ್ತಿದ್ದ ಬುಡದ ನಡುಕಕ್ಕೆ ನಾನು ತಲೆದೂಗುತ್ತಿದ್ದೆ.

"ನನಗ್ಯಾಕ ಹೇಳಲಿಲ್ಲ?" ಅಂದೆ.

"ನೀ ಕೈ ಇಟ್ಟು ನಗತಿದ್ದಿ. ಆ ಮಾರಿ ನೋಡಿ ಹ್ಯಾಂಗ ಹೇಳಲಿ ಯಣ್ಣಾ?"

ಇದನ್ನು ಬಾಬುಸಾಬ ಕೂಗಲಿಲ್ಲ. ಅವಳ ತುಟಿ ನೋಡಿಯೇ ತಿಳಿಯಿತು.

ನಿನ್ನ ಕೊನೆಯ ಪ್ರಶ್ನೆಗೆ ಉತ್ತರ: ಹತ್ತುತ್ತಿದ್ದವನು ಅಮಸಿದ್ದ. ಕಾಲು ಹೀಗಿವೆ ಎಂದು ತೋರಿಸಿದಾಗ ಅಲ್ಲೇ ಕೂತ. "ಯಪ್ಪಾ, ಅಮೋಗಸಿದ್ಧ ಕಾದಾನ" ಎಂದು ತನ್ನ ದೇವರನ್ನು ನೆನೆದ. ಆಮೇಲೆ ಕಟ್ಟೆಯ ಮೇಲೆ ಕೂತದ್ದು ನೆನಪಾಗಿ ಜಿಗಿದು ಈಚೆ ಬಂದ.

ಹೇಗೆ ಇಳಿಸುವುದು, ಬರೆ. ನೀನೂ ಬಾ.

ಮಾಮಾ

&nbsp;

ಮುಂಬೈ
1 ಡಿಸೆಂಬರ್ 2024

ಮಾಮಾ,

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಓದಿದ್ದು ತಪ್ಪಾಯಿತು. ಎಲ್ಲರೂ ಏನಾಯಿತು ಎಂದು ಕೇಳಿದರು.

ನಾನು ಬರಲಾರೆ. ನನ್ನ ಗೋಪುರವನ್ನು ದೋಣಿಗೇರಿಸುವುದೂ ಜನವರಿಯಲ್ಲೇ. ಸಮುದ್ರ ಸುಮ್ಮನಿರುವುದು ಆಗ ಮಾತ್ರ. ಆದ್ದರಿಂದ ಹೇಳಿದ್ದನ್ನು ಹೇಳಿದಂತೆ ಮಾಡಿ. ಬುಡವನ್ನು ನಂಬಬೇಡಿ. ದೊಡ್ಡ ಕ್ರೇನು ತರಿಸಿ. ಮೊದಲು ಅದು ಮೇಲಿನಿಂದ ಭಾರ ಹಿಡಿಯಬೇಕು, ಆಮೇಲೆ ಕಾಲು ಕತ್ತರಿಸುವುದು. ಕೊಂಡಿ ಹಾಕಲು ಕ್ರೇನಿನ ತೊಟ್ಟಿಲಿನಿಂದ ಹೋಗಬೇಕು, ಗೋಪುರ ಹತ್ತಿ ಅಲ್ಲ. ತಿರುಗದಂತೆ ಪಕ್ಕದ ಹಗ್ಗ ಹಿಡಿಯುವವರು ಗೋಪುರದ ಎತ್ತರಕ್ಕಿಂತ ದೂರ ನಿಲ್ಲಬೇಕು. ಗಾಳಿ ಇಲ್ಲದ ಮುಂಜಾನೆ ಆರಿಸಿ.

ಅವ್ವನಿಗೆ ಆ ಹೊತ್ತಿನಲ್ಲಿ ಏನಾದರೂ ಕೆಲಸ ಹಚ್ಚಿ. ಸುಮ್ಮನೆ ನಿಲ್ಲಿಸಬೇಡಿ.

ಸುಧಾ

&nbsp;

ಜೋರಾಪುರ ಪೇಟೆ
16 ಜನವರಿ 2025

ಸುಧವ್ವಾ,

ಇಳಿಸಿದೆವು. ಸಂಕ್ರಾಂತಿಯ ಮಾರನೆಯ ದಿನ ಬೆಳಿಗ್ಗೆ, ಒಂದು ಎಲೆ ಅಲುಗದ ಹೊತ್ತಿನಲ್ಲಿ.

ಕ್ರೇನಿನವನು ಹುಡುಗಾಟಿಕೆಯವನು. "ಇಷ್ಟ ಏನ್ರಿ? ನಾ ಗಾಳಿ ರೆಕ್ಕಿ ನಿಂದರಸ್ತೇನಿ" ಅಂದ. ಅವನು ಅಂದದ್ದು ಈಗ ಬೆಟ್ಟದ ಮೇಲೆ ನಿಲ್ಲಿಸುವ ವಿದ್ಯುತ್ತಿನ ಭಾರಿ ಗಾಳಿಯಂತ್ರ. ಅಮಸಿದ್ದ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಲೇ ತಮ್ಮಾ, ಇದನ್ನ ನಿಂದರಸಿದವರು ಇಲ್ಲೇ ನಿಂತೀವಿ. ಮೆಲ್ಲಕ ಮಲಗಸು, ನಿದ್ದಿ ಕೆಡಬಾರ್ದು" ಅಂದ. ಪಕ್ಕದ ಹಗ್ಗವನ್ನು ಬೇರೆಯವರಿಗೆ ಕೊಡಲಿಲ್ಲ. ಅದೇ ಕೈ. ಈ ಸಲ ಪಟಗವನ್ನು ಬಿಗಿಯಾಗಿ ಕಟ್ಟಿಕೊಂಡು ಬಂದಿದ್ದ.

ಬಾಬುಸಾಬ ಮೂರು ಕಾಲು ಕತ್ತರಿಸಿದ. ನಾಲ್ಕನೆಯದಕ್ಕೆ ಬೆಂಕಿ ಹಚ್ಚುವ ಮೊದಲೇ ಅದು ತಾನೇ ಬಿಟ್ಟಿತು. ಕ್ರೇನು ಹಿಡಿದಿರದಿದ್ದರೆ?

ನಿಮ್ಮವ್ವನಿಗೆ ಚಹಾ ಮಾಡುವ ಕೆಲಸ ಹಚ್ಚಿದ್ದೆ. ಗೋಪುರ ನೆಲ ಮುಟ್ಟುವ ಹೊತ್ತಿಗೆ ಒಲೆ ಬಿಟ್ಟು ಬಂದಳು. ಮಲಗಿದ ಗೋಪುರದ ಉದ್ದಕ್ಕೂ ನಡೆದಳು. ಹಿಂದೆ ಯಾವತ್ತೂ ಕೈಗೆ ಸಿಗದ ತುದಿಯನ್ನು ಮುಟ್ಟಿದಳು. ಆಮೇಲೆ ಕುಳಿತು ಹಗ್ಗ ಬಿಚ್ಚತೊಡಗಿದಳು. ನಾವು ಯಾರೂ ಸಹಾಯಕ್ಕೆ ಹೋಗಲಿಲ್ಲ. ಚಹಾ ಉಕ್ಕಿಹೋಯಿತು.

ಮೇಲಿನ ಪೈಪುಗಳು ಗಟ್ಟಿಯಾಗಿವೆ. ನಿಮ್ಮಪ್ಪನ ಕೆಲಸದಲ್ಲಿ ತಪ್ಪಿರಲಿಲ್ಲ, ಅದನ್ನು ಬರೆದಿಟ್ಟುಕೋ. ಕೆಟ್ಟದ್ದು ನಾವು ಪ್ರೀತಿಯಿಂದ ಮುಚ್ಚಿದ ಭಾಗ ಮಾತ್ರ.

ಮಾಮಾ

&nbsp;

ಸಮುದ್ರದಿಂದ
20 ಫೆಬ್ರುವರಿ 2025

ಮಾಮಾ,

ಇದನ್ನು ದಡಕ್ಕೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೇನೆ. ನನ್ನ ಗೋಪುರ ನಿಂತಿತು. ಹಗ್ಗಗಳನ್ನು ಬಿಚ್ಚಿದರು. ಎಲ್ಲರೂ ಅತ್ತ ಹೋದ ಮೇಲೆ ನಾನು ಕಾಲಿಗೆ ಅಂಗೈ ಇಟ್ಟೆ. ನಡುಕ ಏನೂ ಇರಲಿಲ್ಲ. ಹಿಂದುಳಿದಿದ್ದ ಫೋರ್‌ಮನ್, ಪೂಜೆಯೇ ಎಂದು ಕೇಳಿದ. ನಮ್ಮ ಮನೆಯ ಪದ್ಧತಿ ಅಂದೆ.

ಜ್ವಾಲೆ ಹಚ್ಚಿದಾಗ ನಾನು ಕೆಳಗೇ ನಿಂತಿದ್ದೆ. ಒಲೆಯ ಮುಂದೆ ಸ್ವಲ್ಪ ದೂರ ಕೂತಷ್ಟು ಬೆಚ್ಚಗೆ ಬಂತು. ಲೆಕ್ಕ ಸರಿಯಿತ್ತು.

ನಾನು ಸಮುದ್ರಕ್ಕೆ ಹೊರಡುವ ಮೊದಲು ಅವ್ವ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದಳು. ನಮ್ಮ ಹೊಲದ ಗಾಳಿಗೆ ಎಷ್ಟು ಉದ್ದದ ಪೈಪು, ಎಷ್ಟು ದಪ್ಪದ್ದು, ಹೇಗೆ ಕಟ್ಟಿದರೆ ಹಾಡುತ್ತದೆ ಎಂದು. ಯಾಕೆ ಎಂದು ನಾನು ಕೇಳಲಿಲ್ಲ. ಇಷ್ಟು ವರ್ಷ ಹಾಡದಂತೆ ಲೆಕ್ಕ ಹಾಕಿದವಳು ಮೊದಲ ಸಲ ಹಾಡುವಂತೆ ಲೆಕ್ಕ ಹಾಕಿದೆ. ಎರಡು ಸಲ ಪರೀಕ್ಷಿಸಿದೆ. ಬಿದ್ದರೂ ಯಾರ ಮೇಲೂ ಬೀಳದ ಜಾಗ ನೋಡಿ ಕಟ್ಟಿಸಿ.

ಸುಧಾ

&nbsp;

ಜೋರಾಪುರ ಪೇಟೆ
24 ಮಾರ್ಚ್ 2025

ಸುಧವ್ವಾ,

ಹಂಗಾಮು ಜೋರಾಗಿದೆ. ಗೋಪುರದ ಗಟ್ಟಿ ಪೈಪುಗಳು ಈಗ ನಿಮ್ಮವ್ವನ ಶೆಡ್ಡಿನ ಕಂಬಗಳಾಗಿವೆ. ಈ ಸಲ ಬುಡಗಳನ್ನೆಲ್ಲ ಕಣ್ಣಿಗೆ ಕಾಣುವಂತೆ ಬಯಲಿಗೇ ಬಿಟ್ಟಿದ್ದೇವೆ. ಕಟ್ಟೆ ಕಟ್ಟೋಣವೇ ಎಂದು ಅಮಸಿದ್ದ ಕೇಳಿದ್ದಕ್ಕೆ ನಿಮ್ಮವ್ವ ಕಸಬರಿಗೆ ಎತ್ತಿದಳು.

ಬದುವಿನ ಕಡೆ, ಯಾರೂ ಓಡಾಡದಲ್ಲಿ, ಎರಡು ಗೂಟ ನೆಟ್ಟು ನೀನು ಹೇಳಿದ ಅಳತೆಗೆ ಒಂದು ಪೈಪು ಕಟ್ಟಿಸಿದ್ದಾಳೆ. ಅದಕ್ಕೆ ಹಗ್ಗವಿಲ್ಲ. "ಈಗ ಕೇಳಬೇಕನಸ್ತದ" ಅಂದಳಂತೆ ಬಾಬುಸಾಬನ ಮುಂದೆ. ಹೆಚ್ಚೇನೂ ಹೇಳಲಿಲ್ಲವಂತೆ.

ನಿನ್ನೆ ಸಂಜೆ ಗಾಳಿ ಎದ್ದಿತು. ಹೆಣ್ಣಾಳುಗಳು ಪರದೆ ಕಟ್ಟಲು ಓಡಿದರು. ನಿಮ್ಮವ್ವ ಓಡಲಿಲ್ಲ. ದ್ರಾಕ್ಷಿಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಲ್ಲೇ ನಿಂತಳು. ನನ್ನ ಕೈ ಅಭ್ಯಾಸದಂತೆ ಪೈಪಿನ ಕಡೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ಎಂಟು ವರ್ಷ ಅವಳು ನನ್ನ ಮುಖ ನೋಡಿಕೊಂಡು ನಿಂತಿದ್ದಳಲ್ಲ, ಈ ಸಲ ನಾನು ಅವಳ ಮುಖ ನೋಡಿದೆ.

ಹಾಡುತ್ತಿತ್ತು.

ನಿನ್ನ ಮಾಮಾ,
ಬಸಗೊಂಡಪ್ಪ